ಗೋಡೆ ಮೇಲಿನ ಕೆಂಪು ಕೋಳಿಯ ನೆಂಟರು

ನನ್ನ ಗಂಡ ಜಾರ್ಲತ್ ಸತ್ತ ಮೇಲೆ ಊರಿನವರೆಲ್ಲ ಇದ್ದಕ್ಕಿದ್ದಂತೆ ಒಳ್ಳೆಯವರಾಗಿಬಿಟ್ಟರು. ನನಗೆ ಬಂದ ಕಷ್ಟವೆಲ್ಲ ಅದರಿಂದಲೇ.

ಮೊದಲು ಹೀಗಿರಲಿಲ್ಲ. ಮ್ಯಾಟಿ ಕೋಯೆನ್ ಕೆಸರು ಬೂಟಿನಲ್ಲೇ ನಮ್ಮ ಅಡುಗೆಮನೆಗೆ ನುಗ್ಗಿ, "ಡೀಲಿಯಾ, ಈ ಚಹಾನ ಕುರಿಗಿಟ್ರೂ ಮೂಸಿ ನೋಡಲ್ಲ ಕಣೆ" ಎನ್ನುತ್ತಲೇ ಮೂರು ಲೋಟ ಇಳಿಸುತ್ತಿದ್ದ. ಅವನೂ ಜಾರ್ಲತ್ತನೂ ಚಡ್ಡಿ ಹಾಕುವ ಕಾಲದಿಂದ ಒಟ್ಟಿಗೆ ಪಿಟೀಲು ನುಡಿಸಿದವರು. ಈಗ ಅದೇ ಮ್ಯಾಟಿ ಚರ್ಚಿನ ಬಾಗಿಲಲ್ಲಿ ಸಿಕ್ಕರೆ ಟೋಪಿ ತೆಗೆದು, "ಹೇಗಿದ್ದೀರಿ, ಮಿಸೆಸ್ ಫಾಹಿ?" ಎನ್ನುತ್ತಿದ್ದ. ಮಿಸೆಸ್ ಫಾಹಿ ಎಂದರೆ ನನ್ನ ಅತ್ತೆ. ಆಕೆಯನ್ನು ಕಂಡರೆ ನನಗೂ ಆಗುತ್ತಿರಲಿಲ್ಲ, ಅವನಿಗೂ ಆಗುತ್ತಿರಲಿಲ್ಲ.

ಇದನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆ. ಆದರೆ ಅವರ ಒಳ್ಳೆಯತನ ಭಾನುವಾರದ ಬೈಠಕ್ಕಿಗೂ ಬಂದು ಕೂತಿತು.

ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಬ್ರೀಜಳ ಪಬ್ಬಿನಲ್ಲಿ, ಒಲೆಯ ಪಕ್ಕದ ಬೆಂಚಿನಲ್ಲಿ, ನಮ್ಮೂರಿನ ವಾದ್ಯದವರು ಸೇರುತ್ತಾರೆ. ಪಿಟೀಲಿಗೆ ಮ್ಯಾಟಿ, ಬದುಕಿರುವವರೆಗೆ ಜಾರ್ಲತ್ ಕೂಡ; ಕೊಳಲಿಗೆ ಪ್ಯಾಕಿ, ಮೊದಲು ಟಪಾಲು ಹಂಚುತ್ತಿದ್ದವನು; ಕನ್ಸರ್ಟಿನಾ ಎಂಬ ಪುಟ್ಟ ತಿದಿಪೆಟ್ಟಿಗೆಗೆ ಹಾಲಿನ ಡೇರಿಯ ಊನಾ. ಊನಾ ವರ್ಷಕ್ಕೊಂದು ಮಾತಾಡುತ್ತಾಳೆ, ಅದೂ ಮಳೆಯ ಬಗ್ಗೆ. ನಾನು ಏನೂ ನುಡಿಸುವವಳಲ್ಲ. ಮದುವೆಯಾದ ಲಾಗಾಯ್ತು ಗಡಿಯಾರದ ಕೆಳಗಿನ ಕುರ್ಚಿಯಲ್ಲಿ ಕೂತು ಹೆಣಿಗೆ ಹಾಕುತ್ತ ಕೇಳಿದವಳು.

ಜಾರ್ಲತ್‌ಗೆ ಅವನದೇ ಆದ ಒಂದು ರೀಲ್ ಇತ್ತು. ರೀಲ್ ಎಂದರೆ ಕಾಲು ಸುಮ್ಮನಿರಲು ಬಿಡದ ಧಾಟಿ: ಮೊದಲ ಭಾಗ ಎರಡು ಸಲ, ಆಮೇಲೆ ತಿರುವು ಎರಡು ಸಲ, ಮತ್ತೆ ಮೊದಲಿನಿಂದ. ಇದರ ಹೆಸರು 'ಗೋಡೆ ಮೇಲಿನ ಕೆಂಪು ಕೋಳಿ'. ಹೆಸರಿಗೂ ಧಾಟಿಗೂ ಸಂಬಂಧ ಹುಡುಕುವುದು ಬೇಡ; ನಮ್ಮಲ್ಲಿ ರೀಲ್‌ಗೆ ಹೆಸರಿಡುವುದು ಕರುವಿಗೆ ಹೆಸರಿಟ್ಟ ಹಾಗೆ, ಆ ಹೊತ್ತು ಕಣ್ಣಿಗೆ ಬಿದ್ದದ್ದೇ ಹೆಸರು. ಜಾರ್ಲತ್‌ಗೆ ಅದು ಹಾಲು ಕರೆಯುತ್ತ ಗುನುಗುತ್ತಿದ್ದ ಅಜ್ಜಿಯೊಬ್ಬಳಿಂದ ಬಂತು, ಅವನಿಂದ ಇವರಿಗೆಲ್ಲ ಬಂತು. ಎಲ್ಲರಿಗೂ ಬರುತ್ತಿತ್ತು, ಆದರೆ ಮೊದಲು ಶುರುಮಾಡಿ ಎತ್ತುವವನು ಅವನೊಬ್ಬನೇ. ಒಬ್ಬನ ರೀಲನ್ನು ಅವನಿರುವಾಗ ಇನ್ನೊಬ್ಬ ಎತ್ತುವುದು ಪರರ ಮನೆಯ ಒಲೆ ಕೆದಕಿದಂತೆ. ಅವನು ಎತ್ತಬೇಕು, ಉಳಿದವರು ಸೇರಿಕೊಳ್ಳಬೇಕು.

ಅವನು ಹೋದ ಮೇಲೆ ಅದನ್ನು ಯಾರೂ ಎತ್ತಲಿಲ್ಲ. ಮೊದಲ ತಿಂಗಳುಗಳಲ್ಲಿ ನನಗೂ ಅದು ಸರಿಯೆನ್ನಿಸಿತು. ಆದರೆ ಇನ್ನೊಂದು ಈಸ್ಟರ್ ಹಬ್ಬ ಕಳೆದು, ಹುಲ್ಲು ಕೊಯ್ಲೂ ಮುಗಿದರೂ ಕೋಳಿ ಗೋಡೆಯಿಂದ ಇಳಿಯಲೇ ಇಲ್ಲ.

ಅದೊಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಧಾಟಿಗಳಿಗೂ ನೆಂಟಸ್ತನವಿದೆ. ಕೆಂಪು ಕೋಳಿಯ ಮೊದಲ ಭಾಗವೂ 'ನಿನ್ನೆಯ ಹಾಲು' ಎಂಬ ರೀಲಿನ ಮೊದಲ ಭಾಗವೂ ಅಕ್ಕತಂಗಿಯರಂತೆ. ತಿರುವಿಗೆ ಬಂದ ಮೇಲಷ್ಟೇ ಯಾರು ಯಾರೆಂದು ತಿಳಿಯುವುದು. 'ವಿಧವೆಯ ಕಡಸು' ಅದರ ತಿರುವನ್ನೇ ಕದ್ದು ಇಟ್ಟುಕೊಂಡಿದೆ. 'ಬೇಲಿ ಹಾರಿದ ಹೋತ' ಕೊನೆಯ ಸಾಲಿನಲ್ಲಿ ಬಂದು ಸೇರುತ್ತದೆ. ಮೈಮರೆತು ನುಡಿಸುವವರು ಒಂದರಲ್ಲಿ ಹೊರಟು ಇನ್ನೊಂದರಲ್ಲಿ ಇಳಿಯುವುದು ಈ ಜನಕ್ಕೆ ಮಾಮೂಲು. ಹಾಗಾಗಿ ನನ್ನೆದುರು ಎಲ್ಲಿ ಕೋಳಿಯೊಳಗೆ ಜಾರಿಬಿಡುತ್ತೇವೋ ಎಂದು ಹೆದರಿ, ಇವರು ಅದರ ನೆಂಟರಿಷ್ಟರನ್ನೆಲ್ಲ ಬಹಿಷ್ಕರಿಸಿದರು.

ಒಂದು ಭಾನುವಾರ ಪ್ಯಾಕಿ ಯಾವುದೋ ಗುಂಗಿನಲ್ಲಿ 'ವಿಧವೆಯ ಕಡಸು' ಶುರುಮಾಡಿದ. ಮ್ಯಾಟಿ ಬೆಂಚಿನ ಕೆಳಗೆ ಅವನ ಕಾಲಿಗೆ ಒದ್ದದ್ದನ್ನು ನಾನು ಕಣ್ಣಾರೆ ಕಂಡೆ. ಕೊಳಲು ಕೀಚ್ ಎಂದಿತು, ಕಡಸು ಅರ್ಧ ದಾರಿಯಲ್ಲಿ ಸತ್ತಿತು, ಎಲ್ಲರೂ ಒಂದು ನಿಧಾನಗತಿಯ ವಾಲ್ಟ್ಸ್‌ಗೆ ಹಾರಿದರು. ಕುಣಿಯಲು ನಿಂತಿದ್ದ ಜೋಡಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದೇನ್ರೋ, ಕುಣಿಯೋಕೆ ಬಂದ್ರೆ ತೊಟ್ಲು ತೂಗ್ತಿದೀರಲ್ಲ!" ಎಂದು ಯಾರೋ ಕೂಗಿದರು.

"ಇವತ್ತು ಬೆರಳು ಹಿಡ್ಕೊಂಡಿದೆ," ಎಂದ ಪ್ಯಾಕಿ, ಮೊಣಕಾಲು ತಿಕ್ಕಿಕೊಳ್ಳುತ್ತ.

ನಾನು ಹೆಣಿಗೆಯ ಮೇಲೆ ಕಣ್ಣಿಟ್ಟೆ. ಕೋಪ ಬಂದಿತ್ತು. ನನ್ನನ್ನು ಕೇಳದೆ, ನಾನು ತಡೆಯಲಾರೆ ಎಂದು ತೀರ್ಮಾನಿಸಲು ಇವರು ಯಾರು? ಗಾಜಿನ ಲೋಟವೇ ನಾನು? ಹಸುವಿನ ಹೆರಿಗೆ ಮಾಡಿಸಿದ ಕೈ ನನ್ನದು. ಆಗ ಇದೇ ಮ್ಯಾಟಿ ಕಿಟಕಿಯಾಚೆ ನಿಂತು ಜಪಸರ ಎಣಿಸುತ್ತಿದ್ದ.

ಕೋಪದ ಕೆಳಗೆ ಹೆದರಿಕೆಯಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ರೀಲ್ ನನ್ನ ತಲೆಯಿಂದ ಹೋಗುತ್ತಿತ್ತು.

ನನ್ನ ಕಿವಿಯ ಯೋಗ್ಯತೆ ಎಲ್ಲರಿಗೂ ಗೊತ್ತು. ನಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಅದೇ ಕಿವಿ. ಅವರು ಪಿಟೀಲಿನ ಬಿಲ್ಲನ್ನು ಚೆಂಡು ಹೊಡೆಯುವ ಕೋಲಿನ ಹಾಗೆ ಹಿಡಿದವರು. ಪಾತ್ರೆ ತೊಳೆಯುತ್ತ ನಾನು ಕೆಂಪು ಕೋಳಿಯನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ, ಡಿಡಲ್ ಡಮ್ ಡಿಡಲ್ ಡೈ ಎಂದು. ಮೊದಲ ಭಾಗ ಬರುತ್ತಿತ್ತು. ತಿರುವು ಬಂತೆನ್ನುವಷ್ಟರಲ್ಲಿ ನಾಲಗೆ ತಾನಾಗಿ 'ನಿನ್ನೆಯ ಹಾಲಿ'ನ ಕಡೆ ಹೊರಳುತ್ತಿತ್ತು. ಮತ್ತೆ ಹಿಂದಕ್ಕೆ ಬಂದು, ಮತ್ತೆ ಹೊರಟು, ಮತ್ತೆ ಅಲ್ಲೇ ಬೀಳುತ್ತಿದ್ದೆ. ಜಾರ್ಲತ್ ಇದ್ದಾಗ ದಾರಿ ತಪ್ಪಿದರೆ ಹಿತ್ತಲಿನಿಂದ, "ಡೀಲಿಯಾ, ಹಾಲು ಉಕ್ಕಿತು ನೋಡು!" ಎಂದು ಕೂಗುತ್ತಿದ್ದ. ಈಗ ಕೂಗುವವರಿರಲಿಲ್ಲ. ಧ್ವನಿಮುದ್ರಣವೂ ಇರಲಿಲ್ಲ, ಟೇಪ್ ರೆಕಾರ್ಡರ್ ಕಂಡರೆ ಅವನು ಬಿಲ್ಲು ಕೆಳಗಿಡುತ್ತಿದ್ದ. ಇನ್ನೊಂದು ಚಳಿಗಾಲ ಕಳೆದರೆ ಕೋಳಿ ಪೂರ್ತಿ ಹಾಲಿನಲ್ಲಿ ಮುಳುಗುತ್ತದೆ, ನನಗೆ ಅವನಿಂದ ಉಳಿಯುವುದು ಅವನ ಕೋಟುಗಳಷ್ಟೇ ಎನ್ನಿಸುತ್ತಿತ್ತು.

ಹಾಗಾದರೆ ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎನ್ನಬಹುದು. ನಮ್ಮಲ್ಲಿ ಅದು ನಡೆಯದು. ನುಡಿಸದವರು ಇದನ್ನು ನುಡಿಸಿ, ಅದನ್ನು ನುಡಿಸಿ ಎನ್ನುವುದು ಡಬ್ಲಿನ್‌ನಿಂದ ಬಸ್ಸಿನಲ್ಲಿ ಬರುವವರ ಕೆಲಸ. ಜಾರ್ಲತ್ ಫಾಹಿಯ ಹೆಂಡತಿ ಅಷ್ಟಕ್ಕಿಳಿದಳು ಎನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಬ್ರೀಜಳ ಪಬ್ಬಿನ ಒಂದು ಮಗ್ಗುಲು ಕಿರಾಣಿ ಅಂಗಡಿ. ಒಂದು ಬೆಳಿಗ್ಗೆ ಬ್ರೆಡ್ಡಿಗೆ ಸೋಡಾ ತರಲು ಹೋದವಳು ಅವಳ ಮುಂದೆ ಮಾತು ತೆಗೆದೆ.

"ನಿನ್ನ ಪಬ್ಬು ಈಗೀಗ ಸಾವಿನ ಮನೆ ಆಗಿದೆ ಬ್ರೀಜ್. ಬರೀ ವಾಲ್ಟ್ಸು."

"ನನಗೆ ಹೇಳ್ತೀಯಾ? ಕುಣಿಯೋರು ಅರ್ಧ ಜನ ಪಕ್ಕದೂರಿಗೆ ಹೋಗ್ತಿದಾರೆ. ಎಲ್ಲಾ ನಿನ್ನಿಂದ್ಲೇ."

"ನಾನೇನ್ ಮಾಡ್ದೆ?"

"ನೀನು ಏನೂ ಮಾಡ್ಲಿಲ್ಲ, ಅದೇ ಮತ್ತೆ." ಬ್ರೀಜ್ ಸೋಡಾ ಪೊಟ್ಟಣವನ್ನು ಕೌಂಟರಿನ ಮೇಲೆ ಕುಕ್ಕಿದಳು. "ಸತ್ತೋನ ರೀಲ್‌ನ ಅವನ ಮನೆಯೋರು ಎತ್ತಿಕೊಡ್ಬೇಕು. ಅಲ್ಲೀವರ್ಗೂ ಯಾರೂ ಮುಟ್ಟಲ್ಲ. ಅದೂ ಗೊತ್ತಿಲ್ವಾ ನಿಂಗೆ?"

"ನಮ್ಮನೇಲಿ ಯಾರು ಎತ್ತೋದು, ಬೆಕ್ಕಾ?"

"ಬೆಕ್ಕಿಗೆ ನಿನಗಿಂತ ಒಳ್ಳೆ ಕಂಠ ಇದೆ, ಪಾಪ," ಎಂದಳು ಬ್ರೀಜ್. ಜಾರ್ಲತ್ ಹೋದ ಮೇಲೆ ನನ್ನನ್ನು ಹಂಗಿಸಿದವಳು ಅವಳೊಬ್ಬಳೇ. ಆ ಮಾತಿಗೆ ನಾನು ಅವಳನ್ನು ಅಪ್ಪಿಕೊಳ್ಳುವುದೊಂದು ಬಾಕಿ.

ದಾರಿಯುದ್ದಕ್ಕೂ ಯೋಚಿಸಿದೆ. ಇಷ್ಟು ದಿನ ಆ ಮೂವರನ್ನು ನೋಡಿದವಳಿಗೆ ಒಂದು ಸಂಗತಿ ಗೊತ್ತಿತ್ತು. ಅವರು ಹಸಿವು ತಡೆದಾರು, ದುಃಖ ತಡೆದಾರು, ಪಾದ್ರಿಯ ಉಪದೇಶವನ್ನೂ ತಡೆದಾರು. ಎದುರಿಗೆ ಯಾರಾದರೂ ಧಾಟಿ ತಪ್ಪಿಸಿದರೆ ಮಾತ್ರ ತಡೆಯಲಾರರು. ಮ್ಯಾಟಿಯಂತೂ ತನ್ನ ಮದುವೆಯಲ್ಲೇ, ಚರ್ಚಿನ ನಡುವೆ ಎದ್ದು ನಿಂತು, ಹಾರ್ಮೋನಿಯಂ ನುಡಿಸುತ್ತಿದ್ದ ಸನ್ಯಾಸಿನಿಯನ್ನು ತಿದ್ದಿದವನು. ಸರಿಯಾಗಿ ಎತ್ತಲು ನನ್ನಿಂದಾಗದು. ತಪ್ಪಾಗಿ ಎತ್ತಲು ನನ್ನಷ್ಟು ಅರ್ಹರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ.

ಭಾನುವಾರ ಬಂತು. ಅವರು ಜಿಗ್ ಎಂಬ ಕುಣಿತದ ಧಾಟಿಯೊಂದನ್ನು ಮುಗಿಸಿ ಲೋಟಗಳಿಗೆ ಕೈ ಹಾಕಿದ್ದರು. ನಾನು ಹೆಣಿಗೆ ಮಡಚಿ ಮಡಿಲಲ್ಲಿಟ್ಟುಕೊಂಡು ಗಂಟಲು ಸರಿಮಾಡಿದೆ. ಜನರ ಮುಂದೆ ಹಾಡಿದವಳಲ್ಲ ನಾನು, ಚರ್ಚಿನಲ್ಲೂ ಬರೀ ತುಟಿ ಆಡಿಸುವವಳು.

"ಡಿಡಲ್ ಡಮ್ ಡಿಡಲ್ ಡೈ," ಎಂದು ಶುರುಮಾಡಿದೆ.

ಪಬ್ಬಿನಲ್ಲಿ ಗದ್ದಲ ನಿಂತಿತು. ಪ್ಯಾಕಿಯ ಲೋಟ ತುಟಿಯ ಹತ್ತಿರವೇ ಉಳಿಯಿತು. ಮ್ಯಾಟಿ ತಲೆ ಬಗ್ಗಿಸಿದ, ಚರ್ಚಿನಲ್ಲಿ ಬಗ್ಗಿಸುವ ಹಾಗೆ. ಮೊದಲ ಭಾಗ ಒಮ್ಮೆ ಆಯಿತು, ಇನ್ನೊಮ್ಮೆ ಆಯಿತು. ತಿರುವು ಬಂತು. ನಾನು ಬೇಕೆಂದು ತಪ್ಪಬೇಕಾಗಿ ಬರಲಿಲ್ಲ. ಎಂದಿನಂತೆ ನೇರವಾಗಿ ಹೋಗಿ 'ನಿನ್ನೆಯ ಹಾಲಿ'ನಲ್ಲಿ ಬಿದ್ದೆ.

ಮ್ಯಾಟಿಯ ಕುತ್ತಿಗೆ ಕೆಂಪಾಯಿತು. ಅವನು ಪಿಟೀಲಿನ ಕತ್ತನ್ನು ಹಿಸುಕುವುದು ಕಾಣುತ್ತಿತ್ತು. ನಾನು ಹಿಂದಕ್ಕೆ ಬಂದೆ, ಮತ್ತೆ ಮೊದಲ ಭಾಗ, ಮತ್ತೆ ತಿರುವು, ಮತ್ತೆ ಹಾಲು. ಪ್ಯಾಕಿ ಕಣ್ಣು ಮುಚ್ಚಿಕೊಂಡ. ಮೂರನೆಯ ಸಲ ತಿರುವಿಗೆ ಬಂದಾಗ—

"ಅಲ್ಲ!" ಮ್ಯಾಟಿ ಎದ್ದೇ ನಿಂತ. "ಅಲ್ಲ, ಅಲ್ಲ, ಅಲ್ಲ! ಡೀಲಿಯಾ, ನಿನ್ನ ಕಿವೀಲೇನ್ ಗೋಣಿ ತುರುಕಿದೀಯಾ? ಮೇಲಕ್ಕೆ ಹೋಗ್ಬೇಕು ಕಣೆ ಅಲ್ಲಿ! ಮೇಲಕ್ಕೆ!"

"ಹೋಗ್ತಾನೇ ಇದೀನಲ್ಲ."

"ಎಲ್ಲಿ ಹೋಗ್ತಿದೀಯ, ನೆಲಮಾಳಿಗೆಗೆ ಇಳೀತಿದೀಯ! ಅಷ್ಟ್ ವರ್ಷ ಆ ಪುಣ್ಯಾತ್ಮನ್ ಜೊತೆ ಬಾಳಿ, ಇದಾ ಕಲ್ತಿದ್ದು? ಮುಚ್ಚು ಬಾಯಿ, ಕೇಳಿಲ್ಲಿ!"

ಗಲ್ಲದ ಕೆಳಗೆ ಪಿಟೀಲು ಒತ್ತಿಕೊಂಡು ಅವನು ಆ ತಿರುವನ್ನು ನುಡಿಸಿಯೇಬಿಟ್ಟ.

ಹೌದು, ಅಲ್ಲಿ ಅದು ಏರುತ್ತಿತ್ತು. ನಾನು ಇಷ್ಟು ದಿನ ಇಳಿಯುತ್ತಿದ್ದ ಜಾಗದಲ್ಲಿ ಅದು ಒಂದೇ ಉಸಿರಿಗೆ ಮೇಲಿನ ತಂತಿಗೆ ಹತ್ತಿ, ಅಲ್ಲಿ ಗಳಿಗೆ ನಿಂತು, ಸುತ್ತ ನೋಡಿ, ಆಮೇಲೆ ನಗುತ್ತ ಇಳಿಯುತ್ತಿತ್ತು. ಹೇಗೆ ಮರೆತೆನೋ. ಮ್ಯಾಟಿ ನಿಲ್ಲಿಸಲಿಲ್ಲ, ನಿಲ್ಲಿಸಲು ಅವನಿಂದ ಆಗಲೂ ಇಲ್ಲ. ತಿರುವಿನಿಂದ ಮೊದಲ ಭಾಗಕ್ಕೆ ಬಂದ. ಅಲ್ಲಿ ಊನಾ ಸೇರಿಕೊಂಡಳು. ಪ್ಯಾಕಿ ಲೋಟವನ್ನು ನೆಲದ ಮೇಲಿಟ್ಟು ಕೊಳಲೆತ್ತಿದ. ಮ್ಯಾಟಿಯದು ಒತ್ತಿ ಎಳೆಯುವ ಬಿಲ್ಲು, ಜಾರ್ಲತ್‌ನದು ಹಾಗಲ್ಲ. ಆದರೂ ಕೋಳಿ ಅದೇ ಕೋಳಿ, ಗೋಡೆ ಅದೇ ಗೋಡೆ. ನನ್ನ ಗಂಡನ ಬೂಟು ನೆಲಕ್ಕೆ ತಾಳ ಹಾಕುವುದೊಂದೇ ಇಲ್ಲದ್ದು.

ಅಳು ಬಂತು. ಸದ್ದಿಲ್ಲದೆ ಅಲ್ಲ, ಮೂಗು ಸೊರಗುಟ್ಟಿಸುತ್ತ ಅತ್ತೆ. ಪ್ಯಾಕಿ ಮೊದಲು ನೋಡಿದ, ಕೊಳಲು ತೊದಲಿತು. ಊನಾಳ ಬೆರಳು ನಿಧಾನವಾಯಿತು. ಮ್ಯಾಟಿಯ ಬಿಲ್ಲು ತಂತಿಯ ಮೇಲೇ ನಿಂತುಬಿಟ್ಟಿತು, ಅವನ ಮುಖದಲ್ಲಿ ಮತ್ತೆ ಆ ಚರ್ಚ್ ಬಾಗಿಲಿನ ಕಳೆ ಬಂತು.

"ಮಿಸೆಸ್ ಫಾಹಿ, ಕ್ಷಮಿಸ್ಬೇಕು, ನಾವು—"

"ಯಾರೋ ನಿಲ್ಸು ಅಂದಿದ್ದು ನಿಂಗೆ?" ನಾನು ಮೇಜು ಗುದ್ದಿದೆ, ಬ್ರೀಜಳ ಲೋಟಗಳು ಕುಣಿದವು. "ಕೆಲ್ಸ ಇಲ್ದೆ ಅಳ್ತಿದೀನಿ, ಅತ್ರೆ ನಿನ್ ಗಂಟೇನ್ ಹೋಗುತ್ತೆ? ಇಷ್ಟ್ ದಿನ ಬಿಟ್ಟು ಅವನನ್ನ ಒಳಗೆ ಕರ್ಕೊಂಡ್ ಬಂದು, ಅರ್ಧ ದಾರೀಲಿ ಬಾಗ್ಲು ಹಾಕ್ತೀಯಾ? ನುಡ್ಸು! ಮತ್ತೆ, ಇನ್ನೊಂದ್ಸಲ ಮಿಸೆಸ್ ಫಾಹಿ ಅಂದ್ರೆ ಆ ಬಿಲ್ಲು ಮುರ್ದು ಒಲೆಗೆ ಹಾಕ್ತೀನಿ."

ಪಬ್ಬಿನಲ್ಲಿ ಯಾರೋ ಕಿಸಕ್ಕೆಂದರು. ಮ್ಯಾಟಿ ನನ್ನನ್ನು ನೋಡಿದ, ಊನಾಳನ್ನು ನೋಡಿದ, ಬಿಲ್ಲು ಎತ್ತಿದ. ಮೊದಲಿನಿಂದ ಶುರುವಾಯಿತು. ಈ ಸಲ ಕುಣಿಯುವವರು ಎದ್ದರು, ಬಾಗಿಲ ಬಳಿಯ ಬೆಂಚು ಪಕ್ಕಕ್ಕೆ ಸರಿಯಿತು, ನೆಲದ ಹಲಗೆಗಳು ಗುಡುಗಿದವು. ಕೋಳಿ ಮುಗಿದೊಡನೆ ಪ್ಯಾಕಿ 'ವಿಧವೆಯ ಕಡಸು' ಹಿಡಿದ, ಅದರಿಂದ 'ಬೇಲಿ ಹಾರಿದ ಹೋತ'ಕ್ಕೆ ಹಾರಿದರು. ಬಹಿಷ್ಕಾರದಲ್ಲಿದ್ದ ನೆಂಟರೆಲ್ಲ ಒಬ್ಬರ ಹಿಂದೊಬ್ಬರು ಬಂದರು. ನಾನು ಅಳುತ್ತಲೇ ಇದ್ದೆ, ಹೆಣೆಯುತ್ತಲೂ ಇದ್ದೆ. ಎಷ್ಟೋ ಕಾಲದ ಮೇಲೆ ನನಗೆ ಹಸಿವಾಯಿತು, ಬ್ರೀಜಳ ಹ್ಯಾಮ್ ಸ್ಯಾಂಡ್‌ವಿಚ್ ಎರಡು ತಿಂದೆ.

ಬೆವರು ಒರೆಸಿಕೊಳ್ಳಲು ನಿಂತಾಗ ಜಗಳ ಶುರುವಾಯಿತು.

"ತಿರುವಿನ ಕೊನೇಲಿ ಜಾರ್ಲತ್ ಹಾಗ್ ಮಾಡ್ತಿರ್ಲಿಲ್ಲ," ಎಂದ ಪ್ಯಾಕಿ. "ನನಗೆ ಹೇಳ್ಕೊಟ್ಟಿದ್ದೇ ಬೇರೆ."

"ನಿಂಗೆ ಉಸಿರು ಸಾಲಲ್ಲ ಅಂತ ಕಮ್ಮಿ ಮಾಡಿ ಹೇಳ್ಕೊಟ್ಟಿದಾನೆ. ನಂಗೆ ಪೂರ್ತಿ ಹೇಳ್ಕೊಟ್ಟಿದಾನೆ."

"ಓಹೋ, ನಿಂಗೊಬ್ನಿಗೆ ಉಯಿಲು ಬರ್ದಿಟ್ಟಿದಾನೆ!"

ಅವರು ಬೈದಾಡಿಕೊಳ್ಳುವುದನ್ನು ಕೇಳಿ ನನಗೆ ಹಿತವಾಯಿತು. ಅವನ ಹೆಸರನ್ನು ಪಿಸುಮಾತಿನಲ್ಲಿ ಹೇಳುವುದು ಬಿಟ್ಟು, ಅವನ ಮೇಲೆ ಮೊದಲಿನ ಹಾಗೆ ಕಚ್ಚಾಡುತ್ತಿದ್ದರು. ಕೊನೆಗೆ ಮ್ಯಾಟಿ ನನ್ನ ಕಡೆ ತಿರುಗಿದ. ನನಗೆ ಆ ತಿರುವನ್ನು ಕಲಿಸಿಯೇ ಕಲಿಸುತ್ತೇನೆಂದು ಹಟ ಹಿಡಿದ.

"ಹೇಳು. ಡಿಡಲ್ ಡಮ್. ಹಾಂ, ಈಗ ಮೇಲೆ."

ನಾನು ಹೇಳಿದೆ. ಕೆಳಗಿಳಿದೆ.

"ಮೇಲೆ ಅಂದೆ!"

ಮತ್ತೆ ಇಳಿದೆ. ಮ್ಯಾಟಿ ತಲೆಗೂದಲು ಕಿತ್ತುಕೊಳ್ಳುವಂತೆ ಮಾಡಿದ. ಕೀಳಲು ಅಲ್ಲಿ ಹೆಚ್ಚೇನೂ ಇರಲಿಲ್ಲ. "ಇದು ಕೋಳಿನೂ ಅಲ್ಲ, ಹಾಲೂ ಅಲ್ಲ. ಹಾಲಲ್ಲಿ ಆ ಕೊನೆ ಸಾಲು ಎಲ್ಲಿದೆ? ಎಲ್ಲಿಂದ ತಂದೆ ಅದನ್ನ?"

"ನಂಗೇನ್ ಗೊತ್ತು? ಪಾತ್ರೆ ತೊಳೀವಾಗ ಬರುತ್ತೆ."

ಆಗ ಊನಾ ಮಾತಾಡಿದಳು. ಮಳೆಯ ಬಗ್ಗೆ ಅಲ್ಲ. "ಇನ್ನೊಂದ್ಸಲ ಹೇಳು ಡೀಲಿಯಾ. ತಿದ್ಕೋಬೇಡ. ಬಂದ ಹಾಗೇ ಹೇಳು."

ಬಂದ ಹಾಗೆ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು, ಎರಡನೆಯ ಸಲಕ್ಕೆ ಕನ್ಸರ್ಟಿನಾ ಹಿಡಿದು ನನ್ನ ಹಿಂದೆಯೇ ಬಂದಳು. ಮೊದಲ ಭಾಗ ಜಾರ್ಲತ್‌ನದೇ. ತಿರುವಿನಲ್ಲಿ ನಾನು ಇಳಿದೆ, ಅವಳೂ ಇಳಿದಳು. ಸ್ವಲ್ಪ ದೂರ ಹಾಲಿನಲ್ಲಿ ನಡೆದು, ಆಮೇಲೆ ಯಾರಿಗೂ ಸೇರದ ಒಂದು ಸಾಲಿನ ಮೇಲೆ ಹಾದು, ಮರಳಿ ಮೊದಲಿಗೆ ಬಂದು ಸೇರಿದೆವು. ವಾದ್ಯದಲ್ಲಿ ಕೇಳಿದಾಗ ನನಗೇ ಆಶ್ಚರ್ಯ. ನಾನು ತಪ್ಪು ತಪ್ಪು ಎಂದು ಹಳಿದುಕೊಂಡದ್ದು ನೆಟ್ಟಗೆ ನಿಂತಿತ್ತು, ಕುಣಿಯಲೂ ಬರುತ್ತಿತ್ತು.

"ಇದು ರೀಲ್," ಎಂದಳು ಊನಾ. ಅವಳ ಆ ವರ್ಷದ ಮಾತು ಅಲ್ಲಿಗೆ ಮುಗಿಯಿತು.

ಮ್ಯಾಟಿ, "ಹೀಗೇ ಮತ್ತೆ ನೆಂಟ್ರು ಹುಟ್ಟೋದು," ಎಂದು ಗೊಣಗಿ, ಬಿಲ್ಲಿಗೆ ರಾಳ ಉಜ್ಜಿದ. ಅವನಿಗೆ ಅದು ಎರಡೇ ಸುತ್ತಿನಲ್ಲಿ ಬಂತು. ನನಗಿಂತ ಚೆನ್ನಾಗಿಯೇ ಬಂತು, ಸುಳ್ಳೇಕೆ.

ಈಗ ಅವರು ಕೋಳಿಯ ಹಿಂದೆಯೇ ಅದನ್ನು ನುಡಿಸುತ್ತಾರೆ. ಕೋಳಿಯನ್ನು ಮ್ಯಾಟಿ ಎತ್ತುತ್ತಾನೆ, ಅದಕ್ಕೆ ನನ್ನ ಒಪ್ಪಿಗೆಯಿದೆ. ಮೊನ್ನೆ ಕ್ಲೇರ್ ಜಿಲ್ಲೆಯ ಕಡೆಯ ಒಬ್ಬ ಪಿಟೀಲಿನವನು ಬಂದಿದ್ದ, ಚುರುಕು ಬೆರಳಿನವನು. ಎರಡೂ ಮುಗಿದ ಮೇಲೆ ಅವನು ಕೇಳಿದ, "ಮೊದಲನೇದರ ಹಿಂದೆ ನೀವು ನುಡಿಸಿದ್ದು, ಹೋಗ್ತಾ ಹೋಗ್ತಾ ಬೇರೆ ಆಗುತ್ತಲ್ಲ, ಅದು ಯಾರಿಂದ ಬಂತು?"

ನಮ್ಮಲ್ಲಿ ಇದೇ ಪ್ರಶ್ನೆ. ಹೆಸರೇನೆಂದು ಆಮೇಲೆ, ಯಾರಿಂದ ಬಂತೆಂದು ಮೊದಲು. ಮದುವೆಯಾದಂದಿನಿಂದ ನಾನು ಕೇಳಿದ ಉತ್ತರ ಒಂದೇ: ಜಾರ್ಲತ್ ಫಾಹಿಯಿಂದ.

ಮ್ಯಾಟಿ ಬಿಲ್ಲಿನಿಂದ ನನ್ನ ಕುರ್ಚಿಯ ಕಡೆ ತೋರಿಸಿದ. "ಡೀಲಿಯಾಳಿಂದ. ಮೊದಲನೇ ಭಾಗ ಗಂಡ ಹೆಂಡ್ತಿ ಒಟ್ಟಿಗೆ ಇರೋವಾಗಿನದು. ಆಮೇಲಿಂದು ಒಬ್ಬಳೇ ಮಾಡ್ಕೊಂಡಿದ್ದು."

ಕ್ಲೇರ್‌ನವನು ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕೂತ. "ಹೇಳ್ಕೊಡ್ತೀರಾ?" ಎಂದ.

ಹೆಣಿಗೆಯನ್ನು ಕೆಳಗಿಟ್ಟು ನಾನು ರೀಲ್ ಎತ್ತಿದೆ.